ನಿಮಗಿದು ಗೊತ್ತೇ? ಒಂದೇ ಕಡತ, ಐದು ಸಂಬಳ

ತಾಲ್ಲೂಕು ಕಚೇರಿಗೋ ಜಿಲ್ಲಾ ಪಂಚಾಯಿತಿಗೋ ಹೋದಾಗ ಕಂಪ್ಯೂಟರ್ ಮುಂದೆ ಕೂತವರಲ್ಲಿ ಯಾರು ಕಾಯಂ, ಯಾರು ದಿನಗೂಲಿ, ಯಾರು ಗುತ್ತಿಗೆ, ಯಾರು ಹೊರಗುತ್ತಿಗೆ, ಯಾರು ಗೌರವಧನದವರು ಎಂದು ಮುಖ ನೋಡಿ ಹೇಳಲಾಗದು. ಟಪಾಲು ಹಚ್ಚುವುದು, ಕಡತ ಮಂಡಿಸುವುದು, ಅರ್ಜಿ ದಾಖಲಿಸುವುದು, ಸಾಹೇಬರ ಮೀಟಿಂಗಿಗೆ ಅಂಕಿಅಂಶ ಜೋಡಿಸುವುದು ಎಲ್ಲರಿಗೂ ಒಂದೇ. ಬೇರೆಬೇರೆ ಆಗುವುದು ತಿಂಗಳ ಕೊನೆಗೆ. ಈ ಸಲದ ಅಂಕಣ ಆ ಮೇಜಿನ ಸುತ್ತ.

◆ ಸರ್ಕಾರಿ ಕಚೇರಿಗಳ ತಾತ್ಕಾಲಿಕ ನೌಕರರ ಬಗ್ಗೆ ಇವತ್ತು ಇಡೀ ದೇಶ ಉಲ್ಲೇಖಿಸುವ ಎರಡು ದೊಡ್ಡ ತೀರ್ಪುಗಳ ಬೇರು ಇರುವುದು ಕರ್ನಾಟಕದಲ್ಲಿ. ಒಂದು 1990ರದ್ದು, ಇನ್ನೊಂದು 2006ರದ್ದು. ಮೊದಲನೆಯದು ಬಾಗಿಲು ತೆರೆಯಿತು, ಎರಡನೆಯದು ಮುಚ್ಚಿತು.

◆ 1990ರ ಪ್ರಕರಣ ತಂದದ್ದು ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ‘ಅಕ್ಷರಸ್ಥ ದಿನಗೂಲಿ ನೌಕರರ ಸಂಘ’. ಗುದ್ದಲಿ ಹಿಡಿದವರದ್ದಲ್ಲ, ಪೆನ್ನು ಹಿಡಿದವರ ಸಂಘ. ದಿನಗೂಲಿ ಎಂದರೆ ಮಣ್ಣು ಹೊರುವವರು ಎಂದು ಈಗಲೂ ನಂಬಿರುವವರು ಬಹಳ. ಆದರೆ ಗುಮಾಸ್ತರು, ಬೆರಳಚ್ಚುಗಾರರು, ಲೆಕ್ಕ ಬರೆಯುವವರು ವರ್ಷಗಟ್ಟಲೆ ದಿನಗೂಲಿಯಲ್ಲೇ ಇದ್ದರು. ರಾಜ್ಯದಲ್ಲಿ ಆಗ ಇಂಥ ಎಲ್ಲ ಬಗೆಯ ದಿನಗೂಲಿಯವರು ಸುಮಾರು 50,000.

◆ ಆ ತೀರ್ಪಿನ ಲೆಕ್ಕ ನೋಡಿ: 1984ರ ಜುಲೈ 1ರೊಳಗೆ ಸೇರಿದವರಿಗೆ 1990ರ ಜನವರಿ 1ರಿಂದ ತಿಂಗಳಿಗೆ 780 ರೂಪಾಯಿ ನಿಗದಿ ವೇತನ. ಭತ್ಯೆ ಇಲ್ಲ. ವರ್ಷಕ್ಕೊಮ್ಮೆ ವೇತನ ಬಡ್ತಿ 15 ರೂಪಾಯಿ. ಹತ್ತು ವರ್ಷ ಸೇವೆ ತುಂಬಿದವರಲ್ಲಿ 18,600 ಮಂದಿ ಕೂಡಲೇ ಕಾಯಂ, ಉಳಿದವರು ಹಂತಹಂತವಾಗಿ 1997ರ ಕೊನೆಯೊಳಗೆ. ಹದಿನೈದು ರೂಪಾಯಿ ಬಡ್ತಿ ಎಂದರೆ ಇಂದು ನಗು ಬರಬಹುದು. ಅಂದು ಅದರಲ್ಲಿ ಹಣಕ್ಕಿಂತ ದೊಡ್ಡದೊಂದಿತ್ತು: ‘ನಾಳೆ ಬರಬೇಡ’ ಎನ್ನುವ ಮಾತಿನ ಹೆದರಿಕೆ ತಪ್ಪಿತು.

◆ ದಿನಗೂಲಿ ನೌಕರರನ್ನು ರಾಜ್ಯಮಟ್ಟದಲ್ಲಿ ಸಂಘಟಿಸಿದ ಹುಬ್ಬಳ್ಳಿಯ ಕಾರ್ಮಿಕ ನಾಯಕ ಡಾ. ಕೆ.ಎಸ್. ಶರ್ಮಾ ಅವರೇ ಬೇಂದ್ರೆ ಸಾಹಿತ್ಯದ ಕೆಲಸಕ್ಕೂ ಬದುಕು ತೆತ್ತವರು. ಮಸ್ಟರ್ ರೋಲ್ ಮತ್ತು ಕಾವ್ಯ ಒಂದೇ ಮನೆಯಲ್ಲಿ ಇದ್ದದ್ದು ಧಾರವಾಡದ ನೀರಿನ ಗುಣ ಇರಬೇಕು.

◆ ಈಗ ಎರಡನೆಯದಕ್ಕೆ ಬನ್ನಿ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985–86ರ ಸುಮಾರಿಗೆ ದಿನಗೂಲಿಗೆ ಸೇರಿದವರ ಪ್ರಕರಣ ಅದು. ‘ಉಮಾದೇವಿ ತೀರ್ಪು’ ಎಂದರೆ ವಿಧಾನಸೌಧದಿಂದ ಹಿಡಿದು ಹಿಮಾಚಲದ ಕಚೇರಿಯವರೆಗೆ ಎಲ್ಲ ಆಡಳಿತಾಧಿಕಾರಿಗಳಿಗೂ ಬಾಯಿಪಾಠ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೇಳಿತು: ಸ್ಪರ್ಧೆ, ಜಾಹೀರಾತು, ಮೀಸಲಾತಿ ಯಾವುದೂ ಇಲ್ಲದೆ ಹಿಂಬಾಗಿಲಿನಿಂದ ಬಂದವರು ಎಷ್ಟು ವರ್ಷ ದುಡಿದರೂ ಕಾಯಂ ಆಗುವ ಹಕ್ಕು ಹುಟ್ಟದು.

ಒಂದೇ ರಾಜ್ಯ. 1984ರ ಜುಲೈ 1ರ ಗೆರೆಯ ಈಚೆ ನಿಂತವರಿಗೆ ಕೆಲಸ ಉಳಿಯಿತು. ಗೆರೆ ದಾಟಿ ಒಂದೆರಡು ವರ್ಷಕ್ಕೆ ಬಂದವರು ವರ್ಷಗಟ್ಟಲೆ ಕೋರ್ಟು ಸುತ್ತಿದರು. ಮಾಡಿದ ಕೆಲಸದಲ್ಲಿ ವ್ಯತ್ಯಾಸವಿರಲಿಲ್ಲ. ಗೆರೆ ದಾಟಿದ ಮೇಲೆ ದಿನಗೂಲಿಗೆ ಯಾರನ್ನೂ ತೆಗೆದುಕೊಳ್ಳಕೂಡದು ಎಂದು ಆದೇಶಿಸಿದ್ದು ಸರ್ಕಾರ, ತೆಗೆದುಕೊಂಡದ್ದೂ ಸರ್ಕಾರ.

◆ ಉಮಾದೇವಿ ತೀರ್ಪನ್ನು ಬಾಯಿಪಾಠ ಮಾಡಿದವರು ಸಾಮಾನ್ಯವಾಗಿ ಮರೆಯುವ ಭಾಗವೊಂದಿದೆ. ಅದೇ ತೀರ್ಪಿನ ಕೊನೆಗೆ, ವಾಣಿಜ್ಯ ತೆರಿಗೆ ಇಲಾಖೆಯ ಆ ದಿನಗೂಲಿಯವರಿಗೆ ಅವರ ವೃಂದದ ಕಾಯಂ ನೌಕರರ ಅತಿ ಕೆಳಹಂತದ ವೇತನಕ್ಕೆ ಸಮನಾದ ಕೂಲಿ ಕೊಡಿ ಎಂದು ನ್ಯಾಯಾಲಯ ಆದೇಶಿಸಿತು, ಹೈಕೋರ್ಟ್ ವಿಭಾಗೀಯ ಪೀಠದ ತೀರ್ಪಿನ ದಿನದಿಂದ ಅನ್ವಯವಾಗುವಂತೆ. ಹುದ್ದೆಗಳನ್ನು ತುಂಬುವಾಗ ಇವರಿಗೆ ವಯೋಮಿತಿ ಸಡಿಲಿಸಿ, ಸೇವೆಗೆ ಒಂದಿಷ್ಟು ಅಂಕ ಕೊಡಿ ಎಂದೂ ಹೇಳಿತು. ‘ಕಾಯಂ ಮಾಡಲಾಗದು’ ಎನ್ನುವುದೂ ‘ಕಡಿಮೆ ಕೊಡಬಹುದು’ ಎನ್ನುವುದೂ ಒಂದೇ ಅಲ್ಲ. ಕಚೇರಿಯ ಟಿಪ್ಪಣಿಗಳಲ್ಲಿ ಎರಡನ್ನೂ ಒಂದೇ ಮಾಡಿ ಬರೆಯುವುದು ರೂಢಿಯಾಗಿದೆ, ಇದು ಈ ಅಂಕಣಕಾರನ ಮುಖ್ಯ ತಕರಾರು.

◆ ತೀರ್ಪಿನ 53ನೇ ಪರಿಚ್ಛೇದ ಸಣ್ಣದೊಂದು ಕಿಂಡಿ ಬಿಟ್ಟಿತ್ತು. ನೇಮಕ ‘ಅಕ್ರಮ’ ಆಗಿದ್ದರೆ ದಾರಿ ಇಲ್ಲ. ಕ್ರಮದಲ್ಲಿ ಲೋಪವಷ್ಟೇ ಇದ್ದು, ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ತಡೆಯಾಜ್ಞೆಯ ಬಲವಿಲ್ಲದೆ, ಹತ್ತು ವರ್ಷ ದುಡಿದಿದ್ದರೆ ಒಂದು ಸಲಕ್ಕೆ ಮಾತ್ರ ಸಕ್ರಮ ಮಾಡಿ, ಆರು ತಿಂಗಳೊಳಗೆ ಆ ಕೆಲಸ ಶುರು ಮಾಡಿ ಎಂದಿತ್ತು. ಷರತ್ತಿನಲ್ಲಿ ಒಂದು ವಿಚಿತ್ರ ಗಮನಿಸಿ. ಕೆಲಸ ಹೋಗುವ ಭಯದಿಂದ ತಡೆಯಾಜ್ಞೆ ತಂದವರಿಗೆ ಆ ವರ್ಷಗಳು ಲೆಕ್ಕಕ್ಕಿಲ್ಲ, ಸುಮ್ಮನಿದ್ದವರಿಗೆ ಲೆಕ್ಕಕ್ಕುಂಟು.

◆ ಆರು ತಿಂಗಳ ಆ ಕೆಲಸ ನಾಲ್ಕು ವರ್ಷವಾದರೂ ಮುಗಿಯದಿದ್ದಾಗ 2010ರಲ್ಲಿ ಮತ್ತೊಂದು ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ಅದೂ ಕರ್ನಾಟಕದ್ದೇ, ಜಿಲ್ಲಾ ಪಂಚಾಯಿತಿಯ ದಿನಗೂಲಿಯವರದ್ದು. ಅರ್ಹರೆಲ್ಲರನ್ನೂ ಪರಿಶೀಲಿಸುವವರೆಗೆ ‘ಒಂದು ಸಲದ ಕ್ರಮ’ ಮುಗಿದಂತಲ್ಲ ಎಂದು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಪೀಠ ಹೇಳಿತು.

◆ 2006ರ ಏಪ್ರಿಲ್ ಒಂದೇ ತಿಂಗಳಲ್ಲಿ ಎರಡು ಬಾಗಿಲು ಮುಚ್ಚಿದವು. ಏಪ್ರಿಲ್ 1ರಿಂದ ಸೇರುವ ರಾಜ್ಯ ನೌಕರರಿಗೆ ಹಳೆಯ ಪಿಂಚಣಿ ಇಲ್ಲ, ಹೊಸ ಪಿಂಚಣಿ ಯೋಜನೆ ಎನ್‌ಪಿಎಸ್ ಮಾತ್ರ ಎಂದಾಯಿತು. ಏಪ್ರಿಲ್ 10ಕ್ಕೆ ಉಮಾದೇವಿ ತೀರ್ಪು ಬಂತು. ಕಾಯಂ ಆಗುವ ಆಸೆ ಇಟ್ಟುಕೊಂಡು ಕೂತಿದ್ದವರಿಗೆ ಆಸೆಯ ಬೆಲೆಯೂ ಕಡಿಮೆಯಾಯಿತು, ದಾರಿಯೂ ಕಿರಿದಾಯಿತು.

◆ ‘ಸಮಾನ ಕೆಲಸಕ್ಕೆ ಸಮಾನ ವೇತನ’ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಇಲ್ಲ. ಇರುವುದು 39(ಡಿ) ವಿಧಿಯಲ್ಲಿ, ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ, ಅದೂ ಗಂಡು–ಹೆಣ್ಣಿನ ಮಾತಾಗಿ. ಅದಕ್ಕೆ ಹಲ್ಲು ಬಂದದ್ದು 1982ರಲ್ಲಿ, ದೆಹಲಿ ಪೊಲೀಸ್ ಇಲಾಖೆಯ ಚಾಲಕ ಕಾನ್‌ಸ್ಟೆಬಲ್ ಒಬ್ಬರ ಪ್ರಕರಣದಿಂದ. ಬೇರೆ ಇಲಾಖೆಯ ಚಾಲಕರಿಗೆ ಹೆಚ್ಚು, ನನಗೇಕೆ ಕಡಿಮೆ ಎಂಬುದು ಅವರ ಪ್ರಶ್ನೆ. 14 ಮತ್ತು 16ನೇ ವಿಧಿಗಳ ಜೊತೆ ಓದಿದರೆ ಇದು ಜಾರಿ ಮಾಡಿಸಬಹುದಾದ ಗುರಿ ಎಂದರು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ.

◆ ‘ಸಂಬಳ ಕಡಿಮೆ ಎಂದು ಗೊತ್ತಿದ್ದೇ ಸೇರಿದಿರಲ್ಲ?’ ಈ ಮಾತನ್ನು ಹೊರಗುತ್ತಿಗೆಯವರು ಇವತ್ತಿಗೂ ಕೇಳುತ್ತಾರೆ. ಡೆಹ್ರಾಡೂನಿನ ನೆಹರು ಯುವಕ ಕೇಂದ್ರದ ತಾತ್ಕಾಲಿಕ ನೌಕರರ ವಿರುದ್ಧ ಸರ್ಕಾರ 1985ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದೇ ವಾದ ಇಟ್ಟಿತ್ತು. ನಿರುದ್ಯೋಗ ತುಂಬಿದ ದೇಶದಲ್ಲಿ ಹಸಿದವನ ಒಪ್ಪಿಗೆ ಒಪ್ಪಿಗೆಯಲ್ಲ ಎಂಬ ನೆಲೆಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಆ ವಾದವನ್ನು ತಳ್ಳಿಹಾಕಿದರು. ವಾದ ಸತ್ತು ನಲವತ್ತು ವರ್ಷ. ಪ್ರೇತ ಮಾತ್ರ ಇನ್ನೂ ಕಚೇರಿಗಳಲ್ಲಿ ಓಡಾಡುತ್ತಿದೆ.

◆ ಮಂಡ್ಯ ಜಿಲ್ಲೆಯ ಎಂಗಳಗುಪ್ಪೆಯಲ್ಲಿ ಹುಟ್ಟಿ ಭಾರತದ ಮುಖ್ಯ ನ್ಯಾಯಮೂರ್ತಿ ಆದ ಇ.ಎಸ್. ವೆಂಕಟರಾಮಯ್ಯ ಅವರೂ ಈ ಕಥೆಯಲ್ಲಿದ್ದಾರೆ. 1987ರಲ್ಲಿ ಅಂಚೆ ಮತ್ತು ತಂತಿ ಇಲಾಖೆಯ ದಿನಗೂಲಿಯವರಿಗೆ ಕಾಯಂ ನೌಕರರ ವೇತನಶ್ರೇಣಿಯ ಕನಿಷ್ಠ ಕೊಡಿ, ವರ್ಷಕ್ಕೂ ಮಿಕ್ಕಿ ದುಡಿದವರನ್ನು ಸೇರಿಸಿಕೊಳ್ಳುವ ಯೋಜನೆ ಮಾಡಿ ಎಂದು ತೀರ್ಪು ಬರೆದವರು ಅವರು. ಆ ಇಲಾಖೆ ದಿನಗೂಲಿಯವರನ್ನೇ ಸೇವೆಯ ದಿನ ಎಣಿಸಿ ಮೂರು ತರ ಮಾಡಿ, ಮೂವರಿಗೂ ಬೇರೆಬೇರೆ ದರ ಇಟ್ಟಿತ್ತು. ತಾತ್ಕಾಲಿಕರೊಳಗೇ ಮೇಲು–ಕೆಳಗು ಮಾಡುವ ಜಾಣತನ ಹೊಸದಲ್ಲ.

◆ ಕೇಂದ್ರ ಸರ್ಕಾರದ 1988ರ ಜೂನ್ 7ರ ಆದೇಶದಲ್ಲಿ ಒಂದು ಸರಳ ಸೂತ್ರವಿದೆ: ದಿನಗೂಲಿಯವರ ಕೆಲಸವೂ ಕಾಯಂ ನೌಕರರ ಕೆಲಸವೂ ಒಂದೇ ಆಗಿದ್ದರೆ, ವೇತನಶ್ರೇಣಿಯ ಕನಿಷ್ಠ ಮತ್ತು ತುಟ್ಟಿಭತ್ಯೆ ಸೇರಿಸಿ, ಮೂವತ್ತರಿಂದ ಭಾಗಿಸಿ, ಅದೇ ಒಂದು ದಿನದ ಕೂಲಿ. ಈ ಸೂತ್ರವನ್ನು ಕುತೂಹಲಕ್ಕೆ ನಮ್ಮ ರಾಜ್ಯಕ್ಕೆ ಹಚ್ಚಿ ನೋಡೋಣ. ಏಳನೇ ರಾಜ್ಯ ವೇತನ ಆಯೋಗದ ನಂತರ, 2024ರ ಆಗಸ್ಟ್ 1ರಿಂದ, ದ್ವಿತೀಯ ದರ್ಜೆ ಸಹಾಯಕರ ಶ್ರೇಣಿ 34,100ರಿಂದ ಶುರು. ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 1,136 ರೂಪಾಯಿ ಚಿಲ್ಲರೆ, ತುಟ್ಟಿಭತ್ಯೆ ಬೇರೆ. ಪ್ರಥಮ ದರ್ಜೆ ಸಹಾಯಕರದ್ದು 44,425ರಿಂದ ಶುರು, ದಿನಕ್ಕೆ 1,480 ದಾಟುತ್ತದೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಡಾಟಾ ಎಂಟ್ರಿ ಆಪರೇಟರ್ ಇದ್ದರೆ ಅವರ ಕೈಗೆ ಬರುವುದನ್ನು ಮೂವತ್ತರಿಂದ ಭಾಗಿಸಿ ಪಕ್ಕದಲ್ಲಿ ಬರೆದುಕೊಳ್ಳಿ.

◆ ವಾರಕ್ಕೆ ಐದೇ ದಿನ ನಡೆಯುವ ಕಚೇರಿಯಲ್ಲಿ 206 ದಿನ, ಆರು ದಿನದ ಕಚೇರಿಯಲ್ಲಿ 240 ದಿನ. ಒಂದು ವರ್ಷದಲ್ಲಿ ಇಷ್ಟು ದುಡಿದ ದಿನಗೂಲಿಯವರಿಗೆ 1993ರಲ್ಲಿ ಕೇಂದ್ರ ಸರ್ಕಾರ ‘ತಾತ್ಕಾಲಿಕ ಸ್ಥಾನಮಾನ’ ಕೊಟ್ಟಿತು. ಅದು ಆಗ ಸೇವೆಯಲ್ಲಿದ್ದವರಿಗೆ ಮಾತ್ರ, ಮುಂದೆ ಬರುವವರಿಗಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ತಾತ್ಕಾಲಿಕ ಎನಿಸಿಕೊಳ್ಳುವುದಕ್ಕೂ ಅದೃಷ್ಟ ಬೇಕು!

◆ 89 ದಿನ. ಉತ್ತರದ ಹಲವು ರಾಜ್ಯಗಳಲ್ಲಿ ನೇಮಕಾತಿ ಪತ್ರದ ಮೇಲೆ ಇದೇ ಸಂಖ್ಯೆ. ತೊಂಬತ್ತು ತುಂಬುವ ಮುನ್ನ ಒಂದೆರಡು ದಿನ ಮನೆಗೆ ಕಳಿಸಿ ಮತ್ತೆ ಹೊಸ ಪತ್ರ. ಸೇವೆ ‘ನಿರಂತರ’ ಆಗಬಾರದು, ಅಷ್ಟೇ. ಸವಲತ್ತು ತಪ್ಪಿಸಲೆಂದೇ ಕಾರ್ಮಿಕರನ್ನು ವರ್ಷಗಟ್ಟಲೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದು ಕಾರ್ಮಿಕ ಕಾನೂನಿನ ಪ್ರಕಾರ ಅನುಚಿತ ಪದ್ಧತಿ. ಖಾಸಗಿ ಕಾರ್ಖಾನೆ ಮಾಡಿದರೆ ಕಾರ್ಮಿಕ ಇಲಾಖೆ ನೋಟಿಸ್ ಕೊಡುತ್ತದೆ. ನೋಟಿಸ್ ಟೈಪ್ ಮಾಡುವವರು ಎಷ್ಟೋ ಸಲ ಹೊರಗುತ್ತಿಗೆಯವರು.

◆ 2016ರ ಅಕ್ಟೋಬರ್ 26ರ ಜಗಜೀತ್ ಸಿಂಗ್ ತೀರ್ಪು ತಾತ್ಕಾಲಿಕ ನೌಕರರ ಪಾಲಿಗೆ ದೊಡ್ಡದು. ಪಂಜಾಬ್ ಸರ್ಕಾರದ ವಿರುದ್ಧದ ಪ್ರಕರಣ. ಕಾಯಂ ನೌಕರರ ಕೆಲಸವನ್ನೇ ಮಾಡುವ ದಿನಗೂಲಿ, ಗುತ್ತಿಗೆ, ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ಸಿಗಬೇಕು ಎಂದಿತು ನ್ಯಾಯಮೂರ್ತಿಗಳಾದ ಜೆ.ಎಸ್. ಖೇಹರ್ ಮತ್ತು ಎಸ್.ಎ. ಬೋಬ್ಡೆ ಅವರ ಪೀಠ. ಕಡಿಮೆ ಕೊಡುವುದನ್ನು ಅದು ಶೋಷಣೆ, ಗುಲಾಮಗಿರಿ ಎಂಬ ಮಟ್ಟದ ಕಟುವಾದ ಮಾತುಗಳಲ್ಲೇ ಟೀಕಿಸಿತು. ಆಧಾರವಾಗಿ ಎತ್ತಿಕೊಂಡದ್ದರಲ್ಲಿ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯೂ ಇತ್ತು. ಭಾರತ ಅದಕ್ಕೆ ಸೇರಿದ್ದು 1979ರ ಏಪ್ರಿಲ್ 10ರಂದು. ಉಮಾದೇವಿ ತೀರ್ಪು ಬಂದದ್ದೂ ಏಪ್ರಿಲ್ 10ರಂದು. ಕಾಕತಾಳೀಯ, ಬೇರೇನೂ ಅಲ್ಲ.

◆ ಆದರೆ ಜಗಜೀತ್ ಸಿಂಗ್ ತೀರ್ಪು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ‘ನಾನು ಮಾಡುವುದೂ ಅವರು ಮಾಡುವುದೂ ಒಂದೇ ಕೆಲಸ’ ಎಂದು ಸಾಬೀತು ಮಾಡುವ ಹೊರೆ ಕೇಳುವವರ ಮೇಲೇ ಇದೆ. ಇಲ್ಲಿದೆ ತೊಡಕು. ಕಡತಕ್ಕೆ ಸಹಿ ಹಾಕುವವರು ಕಾಯಂ ನೌಕರರು. ಲಾಗಿನ್ ಅವರ ಹೆಸರಿನಲ್ಲಿ, ಪಾಸ್‌ವರ್ಡ್ ಇವರ ನಾಲಿಗೆಯ ತುದಿಯಲ್ಲಿ. ಟಿಪ್ಪಣಿ ಸಿದ್ಧಪಡಿಸಿದವರು ಯಾರು ಎಂದು ಹತ್ತು ವರ್ಷದ ನಂತರ ಕೋರ್ಟು ಕೇಳಿದರೆ ದಾಖಲೆಯಲ್ಲಿ ಇವರ ಸುಳಿವೇ ಇರುವುದಿಲ್ಲ. ಇನ್ನೊಂದು ಮಿತಿ: ಸಿಗುವುದು ಶ್ರೇಣಿಯ ಕನಿಷ್ಠ ಮಾತ್ರ. ಹದಿನೈದು ವರ್ಷ ದುಡಿದವರೂ ಮೊನ್ನೆ ಬಂದವರೂ ಅಲ್ಲಿ ಒಂದೇ.

◆ ಲಂಚ ತೆಗೆದುಕೊಂಡರೆ ಹೊರಗುತ್ತಿಗೆ ನೌಕರರೂ ‘ಸಾರ್ವಜನಿಕ ಸೇವಕ’ರೇ. ಭ್ರಷ್ಟಾಚಾರ ತಡೆ ಕಾಯ್ದೆ ಆ ಪದಕ್ಕೆ ಕೊಟ್ಟ ವ್ಯಾಖ್ಯೆ ಅಷ್ಟು ವಿಶಾಲ. ಲೋಕಾಯುಕ್ತ ಪೊಲೀಸರ ಬಲೆಗೆ ಬಿದ್ದವರ ಸುದ್ದಿಗಳಲ್ಲಿ ಹೊರಗುತ್ತಿಗೆ ಆಪರೇಟರುಗಳೂ ಇರುತ್ತಾರೆ. ಸಂಬಳ, ರಜೆ, ಪಿಂಚಣಿ ಕೇಳಲು ಹೋದರೆ ಅದೇ ಮನುಷ್ಯ ಸರ್ಕಾರದವನಲ್ಲ, ಏಜೆನ್ಸಿಯವನು. ಲಂಚಕ್ಕೆ ಶಿಕ್ಷೆ ಆಗಲೇಬೇಕು, ಆ ಬಗ್ಗೆ ಎರಡು ಮಾತಿಲ್ಲ. ಜೈಲಿಗೆ ಹೋಗುವಾಗ ಸರ್ಕಾರದವನು, ಸಂಬಳಕ್ಕೆ ನಿಂತಾಗ ಪರಕೀಯ ಎಂಬುದು ಮಾತ್ರ ಜೀರ್ಣವಾಗದು.

◆ ಕಾಯಂ ಮಾಡದೆಯೇ ಕೆಲಸ ಉಳಿಸುವ ನಡುದಾರಿಯನ್ನು ಕರ್ನಾಟಕ ಕಾಯ್ದೆಯಲ್ಲೇ ಬರೆದಿದೆ: ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ, 2012. ಸರ್ಕಾರ ಅಧಿಸೂಚಿಸಿದ ಪಟ್ಟಿಯಲ್ಲಿ ಹೆಸರಿರುವ ಹಳೆಯ ದಿನಗೂಲಿಯವರು 60 ವರ್ಷದವರೆಗೆ ಮುಂದುವರಿಯಬಹುದು. ವೇತನ, ಒಂದು ಪಾಲು ತುಟ್ಟಿಭತ್ಯೆ ಮತ್ತು ಮನೆಬಾಡಿಗೆ ಭತ್ಯೆ, ಗಳಿಕೆ ರಜೆ, ಉಪಧನ ಉಂಟು. ಕಾಯಂ ಎಂಬ ಹೆಸರು ಇಲ್ಲ.

ಈ ಕಾಯ್ದೆಯಿಂದ ತಾತ್ಕಾಲಿಕರ ಮೇಜಿನಲ್ಲೇ ಮೆಟ್ಟಿಲುಗಳು ಎದ್ದವು. ಪಟ್ಟಿಯಲ್ಲಿರುವ ದಿನಗೂಲಿಯವರು ಮೇಲಿನ ಮೆಟ್ಟಿಲು. ಇಲಾಖೆಯೇ ಸಂಚಿತ ವೇತನಕ್ಕೆ ತೆಗೆದುಕೊಂಡ ಗುತ್ತಿಗೆಯವರು ನಂತರ, ಅವರ ಕರಾರು ಪ್ರತಿವರ್ಷ ನವೀಕರಣ ಆಗಬೇಕು. ಏಜೆನ್ಸಿ ಮೂಲಕ ಬಂದವರು ಅದಕ್ಕೂ ಕೆಳಗೆ. ‘ಗೌರವಧನ’ ಪಡೆಯುವವರ ಪಾಡು ಇನ್ನೂ ಕಷ್ಟ: ಕೊಡುವುದು ವೇತನವೇ ಅಲ್ಲ ಎಂದಮೇಲೆ ಕನಿಷ್ಠ ವೇತನದ ಮಾತೆಲ್ಲಿ? ಜಗಳ ಬರುವುದು ಕಾಯಂ ನೌಕರರ ಜೊತೆಗಿಂತ ಹೆಚ್ಚಾಗಿ ಈ ಮೆಟ್ಟಿಲುಗಳ ನಡುವೆ. ‘ನಾವು ದಿನಗೂಲಿ, ಅವರ ಹಾಗೆ ಹೊರಗುತ್ತಿಗೆ ಅಲ್ಲ’ ಎಂಬ ಮಾತು ಕಚೇರಿಯ ಪಡಸಾಲೆಯಲ್ಲಿ ಕಿವಿಗೆ ಬೀಳದಿರುವುದು ಅಪರೂಪ. ಬೇರೆ ಬೇರೆ ಸಂಘ, ಬೇರೆ ಬೇರೆ ಮನವಿಪತ್ರ, ಫ್ರೀಡಂ ಪಾರ್ಕಿನಲ್ಲಿ ಬೇರೆ ಬೇರೆ ಶಾಮಿಯಾನ. ಹಣಕಾಸು ಇಲಾಖೆಗೆ ಇದಕ್ಕಿಂತ ನೆಮ್ಮದಿ ಬೇಕೆ?

◆ ಖಾಲಿ ಹುದ್ದೆಗಳಿಲ್ಲವೆಂದು ಇದೆಲ್ಲ ನಡೆಯುತ್ತಿಲ್ಲ. ಕರ್ನಾಟಕ ಸರ್ಕಾರದಲ್ಲಿ ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷದಷ್ಟು ಖಾಲಿ ಎಂಬುದು ಸರ್ಕಾರವೇ ಒಪ್ಪಿರುವ ಸಂಗತಿ.

◆ ಕುರ್ಚಿ, ಪ್ರಿಂಟರ್, ಟೋನರ್ ಕೊಳ್ಳುವ ಸರ್ಕಾರಿ ಇ-ಮಾರುಕಟ್ಟೆ ‘ಜೆಮ್’ನಲ್ಲೇ ಡಾಟಾ ಎಂಟ್ರಿ ಆಪರೇಟರುಗಳಿಗೂ ಟೆಂಡರ್ ಕರೆಯುತ್ತಾರೆ. ಆ ಜಾಲತಾಣ ಶುರುವಾದದ್ದು 2016ರಲ್ಲಿ. ಹೊರಗುತ್ತಿಗೆಯ ಖರ್ಚು ಎಷ್ಟೋ ಕಡೆ ‘ಸಂಬಳ’ದ ಶೀರ್ಷಿಕೆಯಲ್ಲಿ ಬರುವುದೇ ಇಲ್ಲ, ಸೇವೆ ಖರೀದಿಯ ಶೀರ್ಷಿಕೆಯಲ್ಲಿ ಬರುತ್ತದೆ. ಮಾನವ ಸಂಪನ್ಮೂಲ ಪೂರೈಕೆಗೆ ಜಿಎಸ್‌ಟಿ ಸಾಮಾನ್ಯ ದರ ಶೇ 18. ಇದರ ಮೇಲೆ ಏಜೆನ್ಸಿಯ ಸೇವಾಶುಲ್ಕ. ಸರ್ಕಾರ ಕೊಡುವುದಕ್ಕೂ ಆಪರೇಟರ್ ಕೈಗೆ ಬರುವುದಕ್ಕೂ ನಡುವಿನ ಕಂದಕ ಹೀಗೆ ತುಂಬುತ್ತದೆ. ಅಗ್ಗವೆಂದು ಹೊರಗುತ್ತಿಗೆ ಕೊಟ್ಟದ್ದು ಸರ್ಕಾರಕ್ಕೆ ನಿಜಕ್ಕೂ ಅಗ್ಗವೇ ಎಂಬ ಲೆಕ್ಕವನ್ನು ಪ್ರತಿ ಇಲಾಖೆಯೂ ಬಹಿರಂಗ ಮಾಡಬೇಕು.

◆ ಟೆಂಡರ್ ಬದಲಾದರೆ ಏಜೆನ್ಸಿ ಬದಲಾಗುತ್ತದೆ, ಮನುಷ್ಯ ಅದೇ ಕುರ್ಚಿಯಲ್ಲಿ. ಕಾಗದದಲ್ಲಿ ಮಾತ್ರ ಆತ ಪ್ರತಿ ಟೆಂಡರಿಗೂ ಹೊಸಬ.

◆ ಭವಿಷ್ಯನಿಧಿಗೆ ನೌಕರರ ಪಾಲು ಶೇ 12, ಮಾಲೀಕರ ಪಾಲು ಶೇ 12. 2014ರಿಂದ ಇರುವ 15,000 ರೂಪಾಯಿ ಮಿತಿಗೆ ಕಟ್ಟಿದರೆ ಎರಡೂ ಸೇರಿ ತಿಂಗಳಿಗೆ 3,600. ಮಾಲೀಕರ ಪಾಲನ್ನು ನೌಕರರ ಸಂಬಳದಿಂದ ಕತ್ತರಿಸುವುದನ್ನು ಯೋಜನೆಯೇ ನಿಷೇಧಿಸುತ್ತದೆ. ಎರಡೂ ಪಾಲು ನಮ್ಮ ಸಂಬಳದಲ್ಲೇ ಹೋಗುತ್ತಿದೆ ಎಂಬುದು ಹೊರಗುತ್ತಿಗೆಯವರ ಅತಿ ಹಳೆಯ ದೂರು. ಇಎಸ್‌ಐ ವಿಚಾರಕ್ಕೆ ಬಂದರೆ, ತಿಂಗಳಿಗೆ 21,000 ರೂಪಾಯಿವರೆಗೆ ಪಡೆಯುವವರಿಗೆ ಅನ್ವಯ; ನೌಕರರ ಪಾಲು ಶೇ 0.75, ಮಾಲೀಕರದ್ದು ಶೇ 3.25.

◆ ಏಜೆನ್ಸಿ ಸಂಬಳ ಕೊಡದೆ ಓಡಿಹೋದರೆ? ಕೊಡುವ ಹೊಣೆ ಕಚೇರಿಯದ್ದೇ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೇ ಕಲಮು ಹಾಗೆ ಹೇಳುತ್ತಿತ್ತು: ಮೂಲ ಮಾಲೀಕ ಮೊದಲು ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಈ ಹೊಣೆ ಅಲ್ಲೂ ಉಳಿದಿದೆ. ಹೊಸ ಸಂಹಿತೆ ಸರ್ಕಾರಿ ಕಚೇರಿಗಳಿಗೆ ಅನ್ವಯವಾಗದು ಎಂದು ಮೊದಲ ಕಲಮಿನಲ್ಲೇ ಬರೆದಿದೆ. ಅದಕ್ಕೆ ಅಂಟಿದ ಪರಂತುಕ, ಗುತ್ತಿಗೆದಾರರ ಮೂಲಕ ಆ ಕಚೇರಿಗಳಲ್ಲಿ ದುಡಿಯುವವರಿಗೆ ಅನ್ವಯವಾಗುತ್ತದೆ ಎನ್ನುತ್ತದೆ. ಆ ಪರಂತುಕವನ್ನು ಹೊರಗುತ್ತಿಗೆ ಸಂಘಗಳು ಗೋಡೆಗೆ ಅಂಟಿಸಿಕೊಳ್ಳಬೇಕು. ಒಂದು ನಷ್ಟವೂ ಇದೆ: ಹಳೆಯ ಕಾಯ್ದೆ 20 ಮಂದಿ ಇದ್ದರೆ ಅನ್ವಯವಾಗುತ್ತಿತ್ತು, ಹೊಸದರಲ್ಲಿ ಅದು 50.

◆ ಮಸ್ಟರ್ ರೋಲಿನಲ್ಲಿ ದುಡಿಯುವ ಮಹಿಳೆಯರಿಗೂ ಹೆರಿಗೆ ಸೌಲಭ್ಯ ಕೊಡಬೇಕೆಂಬ ತೀರ್ಪು ಬಂದದ್ದು 2000ದ ಮಾರ್ಚ್ 8ರಂದು, ಮಹಿಳಾ ದಿನದಂದೇ. ದೆಹಲಿ ಮಹಾನಗರ ಪಾಲಿಕೆಯ ಪ್ರಕರಣ. ಕರಾರಿನ ಅವಧಿ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ನಿಲ್ಲದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕಾನೂನಿನಲ್ಲಿ ಹೆರಿಗೆ ರಜೆ 26 ವಾರ. ಬಸುರಿ ಎಂದು ತಿಳಿದ ಮೇಲೆ ‘ಹೆರಿಗೆ ಮುಗಿಸಿ ಬಾ, ನೋಡೋಣ’ ಎಂದು ಕಳಿಸುವುದು ಬಾಯಿಮಾತಿನಲ್ಲೇ ಆಗುತ್ತದೆ, ಅದಕ್ಕೆ ಆದೇಶಸಂಖ್ಯೆ ಇರುವುದಿಲ್ಲ.

◆ ಹೊರಗುತ್ತಿಗೆ ಹುದ್ದೆಗಳಲ್ಲೂ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೆ ಮೀಸಲಾತಿ, ಮಹಿಳೆಯರಿಗೆ ಶೇ 33 ಎಂದು ಕರ್ನಾಟಕ ಸರ್ಕಾರ 2024ರ ಮೇನಲ್ಲಿ ಆದೇಶಿಸಿತು. 45 ದಿನಕ್ಕಿಂತ ಕಡಿಮೆ ಅವಧಿಯ ಕೆಲಸಕ್ಕೆ ಇದು ಅನ್ವಯಿಸದು. ಒಳ್ಳೆಯ ಆದೇಶವೇ, ಆದರೆ ಏಜೆನ್ಸಿ ಯಾರನ್ನು ಹೇಗೆ ಆರಿಸಿತು ಎಂಬುದನ್ನು ನೋಡುವ ಕಣ್ಣು ಬೇಕಲ್ಲ?

◆ ಏಜೆನ್ಸಿಯನ್ನೇ ತೆಗೆದುಹಾಕಿದರೆ ಹೇಗೆ? ಬೀದರ್ ಜಿಲ್ಲೆ ಮಾಡಿ ನೋಡಿದೆ. ಅಲ್ಲಿ ಜಿಲ್ಲಾಡಳಿತದ ಮುಂದಾಳತ್ವದ ಸಹಕಾರ ಸಂಘವೊಂದು ಕಚೇರಿಗಳಿಗೆ ಹೊರಗುತ್ತಿಗೆ ಸಿಬ್ಬಂದಿ ಒದಗಿಸುತ್ತದೆ. ‘ಬೀದರ್ ಮಾದರಿ’ಯನ್ನು ಉಳಿದ ಜಿಲ್ಲೆಗಳಿಗೂ ತರುವ ಮಾತನ್ನು ಸರ್ಕಾರ ಆಡಿದೆ.

◆ ಬೇರೆ ರಾಜ್ಯಗಳ ದಾರಿ ಬೇರೆ. ಆಂಧ್ರ 2019ರಲ್ಲಿ, ಹರಿಯಾಣ 2021ರಲ್ಲಿ ಹೊರಗುತ್ತಿಗೆಗೆಂದೇ ಸರ್ಕಾರಿ ನಿಗಮ ಕಟ್ಟಿದವು. ಉತ್ತರ ಪ್ರದೇಶ 2025ರ ಸೆಪ್ಟೆಂಬರಿನಲ್ಲಿ ಅದೇ ಜಾಡು ಹಿಡಿಯಿತು. ಒಡಿಶಾ ಇನ್ನೂ ಮುಂದೆ ಹೋಗಿ 2022ರ ಅಕ್ಟೋಬರಿನಲ್ಲಿ ಗುತ್ತಿಗೆ ನೇಮಕಾತಿಯ ಪದ್ಧತಿಯನ್ನೇ ರದ್ದು ಮಾಡಿ ಸುಮಾರು 57,000 ಮಂದಿಯನ್ನು ಕಾಯಂ ಮಾಡುವುದಾಗಿ ಘೋಷಿಸಿತು. ವರ್ಷಕ್ಕೆ 1,300 ಕೋಟಿ ರೂಪಾಯಿ ಹೆಚ್ಚುವರಿ ಹೊರೆ ಎಂದು ಅದೇ ಹೇಳಿತು. ತೆಲಂಗಾಣ 2023ರಲ್ಲಿ ಕಾಯಂ ಮಾಡಿದ್ದು 5,544 ಮಂದಿಯನ್ನು. ಉಮಾದೇವಿ ತೀರ್ಪು ಆ ರಾಜ್ಯಗಳಲ್ಲೂ ಇತ್ತು.

◆ ಜಪಾನಿನಲ್ಲೂ ಇದೇ ಕಥೆ. ಅಲ್ಲಿನ ಪುರಸಭೆ, ಪ್ರಾಂತ್ಯ ಕಚೇರಿಗಳ ತಾತ್ಕಾಲಿಕರನ್ನು 2020ರ ಏಪ್ರಿಲ್‌ನಿಂದ ‘ಆರ್ಥಿಕ ವರ್ಷದ ನೌಕರರು’ ಎಂದು ಒಂದೊಂದೇ ವರ್ಷಕ್ಕೆ ನೇಮಿಸುತ್ತಾರೆ. ಬಹುಪಾಲು ಹೆಂಗಸರು.

◆ ಬ್ರಿಟಿಷರ ಕಾಲದ ಕಚೇರಿಗಳಲ್ಲಿ ಸಂಬಳವೇ ಇಲ್ಲದ ಉಮೇದುವಾರರಿದ್ದರು. ಗುಮಾಸ್ತರ ಪಕ್ಕ ಕೂತು ಬರವಣಿಗೆ ಮಾಡಿಕೊಡುತ್ತ, ಒಂದು ದಿನ ಹುದ್ದೆ ಖಾಲಿಯಾದೀತೆಂದು ವರ್ಷಗಟ್ಟಲೆ ಕಾಯುತ್ತಿದ್ದರು. ಅವರಿಗಿಂತ ಇಂದಿನವರು ವಾಸಿ ಎಂದು ಸಮಾಧಾನ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

◆ ಗಾಳಿ ಮತ್ತೆ ದಿಕ್ಕು ಬದಲಿಸುತ್ತಿದೆ. 2024ರ ಡಿಸೆಂಬರ್ 20ರಂದು ಕೇಂದ್ರ ಜಲ ಆಯೋಗದ ಸಫಾಯಿ ಕೆಲಸದವರ ಪ್ರಕರಣದಲ್ಲಿ, ದೀರ್ಘಕಾಲ ದುಡಿದವರ ನ್ಯಾಯಯುತ ಬೇಡಿಕೆಯನ್ನು ತಳ್ಳಿಹಾಕಲು ಉಮಾದೇವಿ ತೀರ್ಪನ್ನು ಆಯುಧ ಮಾಡಿಕೊಳ್ಳಬೇಡಿ ಎಂದು ಸುಪ್ರೀಂ ಕೋರ್ಟ್ ಸರ್ಕಾರಿ ಇಲಾಖೆಗಳಿಗೆ ಹೇಳಿತು. 2025ರ ಆಗಸ್ಟಿನಲ್ಲಿ ಉತ್ತರ ಪ್ರದೇಶದ ಉನ್ನತ ಶಿಕ್ಷಣ ಸೇವಾ ಆಯೋಗದ ದಿನಗೂಲಿಯವರ ಪ್ರಕರಣ ಬಂತು. ಹಣಕಾಸಿನ ಕೊರತೆಯನ್ನು ಎಲ್ಲದಕ್ಕೂ ಮಂತ್ರದಂತೆ ಪಠಿಸಿ, ಅತಿ ಕೆಳಗಿರುವವರ ಬೆನ್ನ ಮೇಲೆ ಸರ್ಕಾರ ಬಜೆಟ್ ಸರಿದೂಗಿಸುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ಅವರನ್ನು ಕಾಯಂ ಮಾಡಿ, ಹುದ್ದೆ ಇಲ್ಲದಿದ್ದರೆ ಸೃಷ್ಟಿಸಿ ಎಂದೂ ಆದೇಶವಾಯಿತು. ಐವರ ಪೀಠದ 2006ರ ತೀರ್ಪು ರದ್ದಾಗಿಲ್ಲ, ನೆನಪಿರಲಿ. ಅದನ್ನು ಓದುವ ಬಗೆ ಮಾತ್ರ ಬದಲಾಗುತ್ತಿದೆ.

◆ ಇಷ್ಟು ಓದಿದವರಲ್ಲಿ ನೀವೇ ಆ ಮೇಜಿನವರಾಗಿದ್ದರೆ ಒಂದು ಮಾತು. ಸೇರಿದ ದಿನದ ಆದೇಶ ಅಥವಾ ಏಜೆನ್ಸಿಯ ಪತ್ರ, ಹಾಜರಾತಿ ಪುಸ್ತಕದ ಪ್ರತಿ, ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್, ನಿಮ್ಮ ಹೆಸರಿರುವ ಕಾರ್ಯಹಂಚಿಕೆ ಆದೇಶ, ಚುನಾವಣೆಗೋ ಗಣತಿಗೋ ನಿಯೋಜಿಸಿದ ಜ್ಞಾಪನ ಎಲ್ಲವನ್ನೂ ಮನೆಯಲ್ಲಿ ಒಂದು ಫೈಲಿಗೆ ಹಾಕಿಡಿ. ಭವಿಷ್ಯನಿಧಿ ಖಾತೆಯ ಯುಎಎನ್ ಸಂಖ್ಯೆ ಹಾಕಿ ಪಿಎಫ್ ಪಾಸ್‌ಬುಕ್ ತೆರೆದು ಪ್ರತಿ ತಿಂಗಳೂ ಎರಡೂ ಪಾಲು ಬಂದಿದೆಯೇ ನೋಡಿ. ಬರದಿದ್ದರೆ ಭವಿಷ್ಯನಿಧಿ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಇಲಾಖೆ ಏಜೆನ್ಸಿಗೆ ನಿಮ್ಮ ಹೆಸರಿನಲ್ಲಿ ಎಷ್ಟು ಪಾವತಿಸುತ್ತಿದೆ ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಅರ್ಜಿ ಶುಲ್ಕ ಹತ್ತು ರೂಪಾಯಿ.